ಬೇಗ ಬಂದ ಮಲೆನಾಡಿನ ಚಳಿ: ಹಳೆಯ ದಾಖಲೆಗೆ ಹೋಲಿಸುವುದು ಹೇಗೆ, ಇಲ್ಲಿ ಹಿಮ ಬಿದ್ದದ್ದುಂಟೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ಹಳ್ಳಿಯವನು ನಾನು, ಅಡಿಕೆ ಬೆಳೆಗಾರ. ಹವಾಮಾನದಲ್ಲಿ ಆಸಕ್ತಿಯುಳ್ಳ ನಾವು ಕೆಲವು ಸ್ನೇಹಿತರು ದಿನವೂ ಬೆಳಗಿನ ಉಷ್ಣಾಂಶವನ್ನು ಬರೆದಿಟ್ಟು ಪರಸ್ಪರ ಹೋಲಿಸುತ್ತೇವೆ. ಈ ಸಲ ನವೆಂಬರ್ ಮಧ್ಯದಲ್ಲೇ ನಮ್ಮ ತೋಟದಲ್ಲಿ 11 ಡಿಗ್ರಿ ಕಂಡಿತು. ಅದೇ ಹೊತ್ತಿಗೆ ಮೊಬೈಲ್ ಆ್ಯಪ್ 16 ಎಂದು ತೋರಿಸುತ್ತಿತ್ತು. ಇದನ್ನು ದಾಖಲೆಯ ಚಳಿ ಎನ್ನಬಹುದೇ? ನಮ್ಮ ಹಿರಿಯರು ಬಾಬಾಬುಡನ್‌ಗಿರಿಯ ಕಡೆ ಹಿಂದೊಮ್ಮೆ ಹಿಮ ಬಿದ್ದಿತ್ತು ಎನ್ನುತ್ತಾರೆ. ಊಟಿಯಲ್ಲಿ ಹಿಮಪಾತ ಎಂಬ ಸುದ್ದಿಯೂ ವರ್ಷ ವರ್ಷ ಬರುತ್ತದೆ. ಮಲೆನಾಡಿನಲ್ಲಿ ಹಿಮ ಬಿದ್ದ ದಾಖಲೆ ಇದೆಯೇ? ಮುಂದೆ ಬೀಳಬಹುದೇ?

ಉತ್ತರ: ನೇರ ಉತ್ತರಗಳನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ತೋಟದ 11 ಡಿಗ್ರಿ ಸರಿಯಾದ ಅಂಕಿಯೇ ಇರಬಹುದು. ಆದರೆ ಅದನ್ನು ಶಿವಮೊಗ್ಗದ ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ದಾಖಲೆ ಮುರಿಯಿತು ಎನ್ನಲು ಬರುವುದಿಲ್ಲ. ಹಿಮದ ವಿಷಯಕ್ಕೆ ಬಂದರೆ, ಮಲೆನಾಡಿನ ಯಾವ ಬೆಟ್ಟದ ಮೇಲೂ ಆಕಾಶದಿಂದ ಹಿಮ ಬಿದ್ದದ್ದಕ್ಕೆ ನಂಬಲರ್ಹವಾದ ದಾಖಲೆ ಇಲ್ಲ, ಈಗಿನ ವಾಯುಗುಣದಲ್ಲಿ ಬೀಳುವ ಸಾಧ್ಯತೆಯೂ ಇಲ್ಲವೆಂದೇ ಹೇಳಬೇಕು. ಈ ಎರಡು ಉತ್ತರಗಳ ಹಿಂದಿರುವ ಕಾರಣ ಒಂದೇ. ನಮ್ಮ ಕಡೆಯ ಚಳಿ ಹುಟ್ಟುವುದು ನೆಲದಲ್ಲಿ, ಹಿಮ ಹುಟ್ಟುವುದು ಮೋಡದಲ್ಲಿ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ನಿಮ್ಮ ಗೆಳೆಯರ ನಡುವಿನ ಬಹುಪಾಲು ತಕರಾರುಗಳು ತಾವಾಗಿಯೇ ಬಗೆಹರಿಯುತ್ತವೆ.

ಮಳೆಗಾಲ ಹಿಂದೆ ಸರಿದ ಮೇಲೆ, ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲವು ಹಗಲೆಲ್ಲ ಹೀರಿಕೊಂಡ ಶಾಖವನ್ನು ಆಕಾಶದ ಕಡೆಗೆ ಸೂಸುತ್ತದೆ. ಮೋಡವಿದ್ದರೆ ಆ ಶಾಖದ ಒಂದು ಪಾಲು ನೆಲಕ್ಕೆ ಹಿಂದಿರುಗುತ್ತದೆ, ಇಲ್ಲದಿದ್ದರೆ ಹೊರಟೇಹೋಗುತ್ತದೆ. ಮೊದಲು ತಣಿಯುವುದು ನೆಲ ಮತ್ತು ಹುಲ್ಲು, ಆ ಬಳಿಕ ಅವುಗಳಿಗೆ ತಾಗಿದ ಗಾಳಿ. ತಣಿದ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ನೀರು ಹರಿದಂತೆ ಮೆಲ್ಲಗೆ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಮಲೆನಾಡಿನಲ್ಲಿ ತೋಟವಿರುವುದು ಸಾಮಾನ್ಯವಾಗಿ ಕಣಿವೆಯಲ್ಲಿ, ಮನೆಯಿರುವುದು ಅದಕ್ಕಿಂತ ಮೇಲಿನ ದಿಬ್ಬದಲ್ಲಿ. ಆದ್ದರಿಂದ ಒಂದೇ ಮನೆಯವರು ಅಂಗಳದಲ್ಲೊಂದು, ತೋಟದಲ್ಲೊಂದು ಉಷ್ಣಮಾಪಕ ಇಟ್ಟರೆ ಮುಂಜಾನೆ ಎರಡರ ನಡುವೆ ಮೂರು ನಾಲ್ಕು ಡಿಗ್ರಿಗಳ ಅಂತರ ಕಂಡರೂ ಅಚ್ಚರಿಯಿಲ್ಲ. ಡಿಸೆಂಬರಿನ ಬೆಳಗ್ಗೆ ಕುಂದಾದ್ರಿಯ ಮೇಲೆ ನಿಂತು ನೋಡಿದವರಿಗೆ ಇದು ಕಣ್ಣಿಗೇ ಕಂಡಿರುತ್ತದೆ: ಕೆಳಗಿನ ಕಣಿವೆಗಳಲ್ಲಿ ಕಾವಳ ಸಮತಟ್ಟಾಗಿ ತುಂಬಿಕೊಂಡಿರುತ್ತದೆ, ಅದರ ಮೇಲಂಚು ಗೆರೆ ಎಳೆದಷ್ಟು ನೇರವಾಗಿರುತ್ತದೆ. ಆ ಅಂಚಿನ ಕೆಳಗಿರುವುದು ತಣ್ಣಗಿನ ಗಾಳಿ, ಮೇಲಿರುವುದು ಅದಕ್ಕಿಂತ ಬೆಚ್ಚಗಿನ ಗಾಳಿ. ಅಂಥ ಬೆಳಗುಗಳಲ್ಲಿ ಬೆಟ್ಟದ ತಲೆಗಿಂತ ಬುಡದಲ್ಲೇ ಚಳಿ ಹೆಚ್ಚು. ಎತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚುತ್ತದೆ ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ಹಗಲಿಗೆ ಒಪ್ಪುತ್ತದೆ, ಇಂಥ ರಾತ್ರಿಗಳಿಗೆ ಒಪ್ಪುವುದಿಲ್ಲ.

ಮೊಬೈಲ್ ಆ್ಯಪ್ ನಿಮ್ಮ ತೋಟದ ಉಷ್ಣಾಂಶವನ್ನು ಅಳೆದು ಹೇಳುತ್ತಿಲ್ಲ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. ಅದು ಕೊಡುವುದು ಕಂಪ್ಯೂಟರ್ ಮಾದರಿಯೊಂದರ ಲೆಕ್ಕ. ಆ ಮಾದರಿ ಭೂಪಟವನ್ನು ಚೌಕಗಳಾಗಿ ಕತ್ತರಿಸಿ, ಹತ್ತಾರು ಚದರ ಕಿಲೋಮೀಟರಿನ ಒಂದೊಂದು ಚೌಕಕ್ಕೂ ಒಂದೇ ಸರಾಸರಿ ಎತ್ತರವನ್ನು ಹಿಡಿದು ಲೆಕ್ಕ ಹಾಕುತ್ತದೆ. ಆಗುಂಬೆಯಂಥ ಜಾಗದಲ್ಲಿ ಘಾಟಿಯ ಮೇಲಿನ ಊರೂ ಕೆಳಗಿನ ಸೋಮೇಶ್ವರದ ಕಾಡೂ ಒಂದೇ ಚೌಕದಲ್ಲಿ ಬೆರೆತುಹೋಗುವ ಸಾಧ್ಯತೆ ಇದೆ. ನಿಮ್ಮ ಕಣಿವೆ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಗಾಗಿ 11 ಮತ್ತು 16ರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ವಾದಿಸಬೇಕಾಗಿಲ್ಲ. ಅವು ಎರಡು ಬೇರೆ ವಸ್ತುಗಳ ಅಂಕಿಗಳು.

ಅಷ್ಟಾದರೂ ಮಲೆನಾಡಿನ ರಾತ್ರಿಗಳು ನಾವು ಅಂದುಕೊಂಡಷ್ಟು ತಣಿಯುವುದಿಲ್ಲ. ಚಳಿಗಾಲದಲ್ಲಿ ರಾಜ್ಯದ ಕನಿಷ್ಠ ಉಷ್ಣಾಂಶದ ಸುದ್ದಿಯಲ್ಲಿ ಬೀದರ್, ವಿಜಯಪುರಗಳ ಹೆಸರು ಆಗಾಗ ಮೊದಲಿಗೆ ಬರುತ್ತದೆ. ಬೀದರ್‌ನ ಎತ್ತರ ಆಗುಂಬೆಯದಕ್ಕಿಂತ ಹೆಚ್ಚೇನೂ ಅಲ್ಲ, ವಿಜಯಪುರವಂತೂ ಶಿವಮೊಗ್ಗಕ್ಕೆ ಹೆಚ್ಚುಕಡಿಮೆ ಸಮ. ಆ ಊರುಗಳು ಉತ್ತರಕ್ಕಿವೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯ ಕಾರಣ ಅಲ್ಲಿನ ಗಾಳಿಯ ಒಣತನ. ನಮ್ಮಲ್ಲಿ ನವೆಂಬರಿನ ನೆಲ ಇನ್ನೂ ಹಸಿ, ಗದ್ದೆಯಲ್ಲಿ ತೇವ, ಕಾಡು ಹಸಿರು. ಗಾಳಿ ತಣಿಯುತ್ತ ಹೋದಂತೆ ಅದರಲ್ಲಿರುವ ನೀರಾವಿ ಇಬ್ಬನಿಯಾಗಿ ಇಳಿಯುತ್ತದೆ, ಹಾಗೆ ಇಳಿಯುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಈ ಶಾಖವು ಉಷ್ಣಾಂಶದ ಇಳಿತವನ್ನು ತಡೆದು ನಿಧಾನಗೊಳಿಸುತ್ತದೆ. ಬೆಳಗಿನ ಜಾವ ಅಡಿಕೆ ಸೋಗೆಯಿಂದ ಇಬ್ಬನಿ ತಟತಟನೆ ಉದುರುವುದನ್ನು ನೀವು ಕೇಳುತ್ತೀರಲ್ಲ, ಅಷ್ಟು ನೀರು ಇಳಿದ ರಾತ್ರಿಯಲ್ಲಿ ಉಷ್ಣಾಂಶ ತೀರಾ ಕೆಳಗೆ ಹೋಗಿರುವುದಿಲ್ಲ. ಆದ್ದರಿಂದಲೇ ಮಲೆನಾಡಿನಲ್ಲಿ ನವೆಂಬರಿನಲ್ಲಿ ಬೇಗ ಬಂದ ಚಳಿ ಗಮನಿಸಬೇಕಾದ ಸಂಗತಿ. ಅದಕ್ಕೆ ಈಶಾನ್ಯದ ಒಣಗಾಳಿ ಎಂದಿಗಿಂತ ಮುಂಚೆ ಘಟ್ಟದ ಅಂಚಿನವರೆಗೂ ತಲುಪಿರಬೇಕು. ನಿಮ್ಮ ಗೆಳೆಯರು ಉಷ್ಣಾಂಶದ ಜೊತೆಗೆ ಆ ರಾತ್ರಿ ಇಬ್ಬನಿ ಎಷ್ಟಿತ್ತು, ಕಾವಳವಿತ್ತೇ ಎಂಬುದನ್ನೂ ಒಂದು ಸಾಲು ಬರೆದಿಟ್ಟರೆ ಆ ಅಂಕಿಗೆ ಅರ್ಥ ಬರುತ್ತದೆ.

ಇನ್ನು ದಾಖಲೆಯ ಮಾತು. ಹವಾಮಾನ ಇಲಾಖೆಯ ಕೇಂದ್ರಗಳಲ್ಲಿ ಉಷ್ಣಮಾಪಕವನ್ನು ಬಯಲಿನಲ್ಲಿ, ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಪಟ್ಟಿಗಳಿರುವ ಬಿಳಿಯ ಮರದ ಪೆಟ್ಟಿಗೆಯೊಳಗೆ ಇಡುತ್ತಾರೆ. ಪೆಟ್ಟಿಗೆಯ ಬಾಗಿಲು ಉತ್ತರಕ್ಕಿರುತ್ತದೆ, ಬಾಗಿಲು ತೆರೆದಾಗ ಬಿಸಿಲು ಒಳಗೆ ಬೀಳಬಾರದು ಎಂಬುದು ಅದರ ಉದ್ದೇಶ. ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ಬೆಳಗ್ಗೆ 8.30ಕ್ಕೆ ಓದಿ ಬರೆಯುತ್ತಾರೆ. ಈ ಕಟ್ಟುಪಾಡುಗಳನ್ನು ಪಾಲಿಸದ ಅಂಕಿಯನ್ನು ಪಾಲಿಸಿದ ಅಂಕಿಯ ಎದುರು ನಿಲ್ಲಿಸಬಾರದು. ಬಯಲಿನ ಹುಲ್ಲಿನ ಮೇಲೆ ಬಿಟ್ಟ ಉಷ್ಣಮಾಪಕ, ಮೋಡವಿಲ್ಲದ ರಾತ್ರಿಯಲ್ಲಿ, ಪೆಟ್ಟಿಗೆಯೊಳಗಿನದಕ್ಕಿಂತ ಮೂರರಿಂದ ಐದು ಡಿಗ್ರಿ ಕಡಿಮೆ ತೋರಿಸಬಲ್ಲದು. ಮನೆಯ ಗೋಡೆಗೆ ತೂಗುಹಾಕಿದ್ದು ಗೋಡೆಯ ಶಾಖದಿಂದ ಹೆಚ್ಚು ತೋರಿಸುತ್ತದೆ. ಕಾರಿನ ಪರದೆಯ ಮೇಲೆ ಕಾಣುವ ಅಂಕಿಯನ್ನು, ಅದರಲ್ಲೂ ನಿಂತ ಕಾರಿನದನ್ನು, ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಹೋಲಿಕೆಗೆ ಇನ್ನೊಂದು ನಿಯಮವಿದೆ, ಅದನ್ನು ಪತ್ರಿಕೆಗಳೂ ಅನೇಕ ಸಲ ಮರೆಯುತ್ತವೆ. ನವೆಂಬರಿನ ಅಂಕಿಯನ್ನು ನವೆಂಬರಿನ ಅಂಕಿಗೇ ಹೋಲಿಸಬೇಕು. ಬೆಂಗಳೂರಿನ ದಾಖಲೆ ಉದ್ದವಾದದ್ದರಿಂದ ಅಲ್ಲಿಯ ಉದಾಹರಣೆ ಕೊಡುತ್ತೇನೆ. ಅಲ್ಲಿ ಇದುವರೆಗಿನ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು ದಾಖಲಾದದ್ದು 1884ರ ಜನವರಿ 13ರಂದು. ಡಿಸೆಂಬರಿನ ದಾಖಲೆ 8.9 ಡಿಗ್ರಿ, 1883ರ ಡಿಸೆಂಬರ್ 29ರದು. ನವೆಂಬರಿನದು 9.6 ಡಿಗ್ರಿ, 1967ರ ನವೆಂಬರ್ 15ರದು. ನವೆಂಬರ್ ಮಧ್ಯದಲ್ಲಿ ಬೆಂಗಳೂರಿನಲ್ಲಿ 10 ಡಿಗ್ರಿ ಬಂದರೆ ಅದು ಸಾರ್ವಕಾಲಿಕ ದಾಖಲೆಗಿಂತ ಎರಡು ಡಿಗ್ರಿ ಮೇಲಿದ್ದರೂ ಆ ತಿಂಗಳ ಮಟ್ಟಿಗೆ ಅಸಾಧಾರಣವೇ. ಮೊದಲ ಎರಡು ದಿನಾಂಕಗಳ ನಡುವೆ ಕೇವಲ ಹದಿನೈದು ದಿನಗಳ ಅಂತರವಿದೆ ಎಂಬುದನ್ನು ಗಮನಿಸಿದ ಕೆಲವರು, 1883ರ ಆಗಸ್ಟ್‌ನಲ್ಲಿ ಸಿಡಿದ ಕ್ರಕಟೋವ ಜ್ವಾಲಾಮುಖಿಯನ್ನು ಇದಕ್ಕೆ ಕಾರಣವಾಗಿ ಹೇಳಬಯಸುತ್ತಾರೆ. ಆ ಸ್ಫೋಟದ ಬಳಿಕ ಭೂಮಿಯ ಸರಾಸರಿ ಉಷ್ಣಾಂಶ ಸ್ವಲ್ಪ ಇಳಿದದ್ದು ನಿಜ. ಆದರೆ ಆ ಇಳಿತ ಒಂದು ಡಿಗ್ರಿಗೂ ಕಡಿಮೆ. ಒಂದು ಊರಿನ ಎರಡು ರಾತ್ರಿಗಳ ಚಳಿಯನ್ನು ಅದರ ತಲೆಗೆ ಕಟ್ಟುವುದು ನನಗೆ ಸಮ್ಮತವಲ್ಲ. ಒಂದೊಂದು ರಾತ್ರಿಯ ಚಳಿಯನ್ನು ನಿರ್ಧರಿಸುವುದು ಆ ರಾತ್ರಿಯ ಗಾಳಿ, ಮೋಡ ಮತ್ತು ತೇವ.

ಈ ಕಾರಣಕ್ಕೇ ಒಂದು ದಿನದ ಅಂಕಿಗಿಂತ ವಾಡಿಕೆಯಿಂದ ಎಷ್ಟು ಇಳಿದಿದೆ ಎಂಬ ಲೆಕ್ಕ ಹೆಚ್ಚು ಉಪಯುಕ್ತ. ವಾಡಿಕೆ ಎಂದರೆ ಮೂವತ್ತು ವರ್ಷಗಳ ಸರಾಸರಿ, ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಬಯಲು ಪ್ರದೇಶದ ಕೇಂದ್ರವೊಂದರಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಾಗ ಇಲಾಖೆ ಶೀತ ಅಲೆ ಎನ್ನುತ್ತದೆ. ಇಳಿತ 6.4 ಡಿಗ್ರಿಯನ್ನು ಮೀರಿದರೆ ಅದು ತೀವ್ರ ಶೀತ ಅಲೆ. ಮಲೆನಾಡಿಗೆ ಈ ಮಾತು ಅನ್ವಯವಾಗುವ ದಿನಗಳು ಬಹಳ ಅಪರೂಪ.

ಚಳಿ ಹೆಚ್ಚಾಯಿತು ಎಂದು ಜನ ಹೇಳುವ ದಿನಗಳಲ್ಲಿ ಇನ್ನೊಂದು ಬಗೆಯದೂ ಸೇರಿಕೊಂಡಿರುತ್ತದೆ. ನವೆಂಬರ್, ಡಿಸೆಂಬರ್‌ಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ತಮಿಳುನಾಡಿನ ಕಡೆ ಬಂದಾಗ ನಮ್ಮಲ್ಲಿ ದಿನವಿಡೀ ಮೋಡ, ಜಿಟಿಜಿಟಿ ಮಳೆ, ಕುಳಿರ್ಗಾಳಿ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಬಳಿ ದಡ ಸೇರಿದಾಗ ದಕ್ಷಿಣ ಕರ್ನಾಟಕದಲ್ಲಿ ಇಂಥದೇ ವಾತಾವರಣವಿತ್ತು. ಅಂಥ ದಿನ ಮೈ ನಡುಗುವುದು ಹಗಲಿನ ಗರಿಷ್ಠ ಉಷ್ಣಾಂಶ ಬಿದ್ದುಹೋದದ್ದರಿಂದ. ರಾತ್ರಿಯ ಕನಿಷ್ಠ ಉಷ್ಣಾಂಶ, ಮೋಡವಿರುವ ಕಾರಣ, ವಾಡಿಕೆಗಿಂತ ಮೇಲೇ ಇರುತ್ತದೆ. ಈ ವ್ಯತ್ಯಾಸ ಬರೀ ಅಂಕಿಯ ಆಟವಲ್ಲ ಎಂಬುದು ಅಡಿಕೆ ಬೆಳೆಗಾರರಾದ ನಿಮಗೆ ಚೆನ್ನಾಗಿ ಗೊತ್ತು. ಮೋಡವಿಲ್ಲದ ಚಳಿಯಲ್ಲಿ ರಾತ್ರಿ ಎಷ್ಟೇ ತಣ್ಣಗಿದ್ದರೂ ಹಗಲಿನ ಬಿಸಿಲು ಖಡಕ್ಕಾಗಿರುತ್ತದೆ, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೆಂದು ಬಂದ ಅಡಿಕೆ ಸರಿಯಾಗಿ ಒಣಗುತ್ತದೆ. ಚಂಡಮಾರುತದ ಚಳಿಯಲ್ಲಿ ಅದೇ ಅಡಿಕೆ ಮೂರನೆಯ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಕಾಫಿಯ ಕಣದಲ್ಲಿಯೂ ಇದೇ ಪಾಡು. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಕನಿಷ್ಠದ ಜೊತೆಗೆ ಗರಿಷ್ಠಕ್ಕೂ ಒಂದು ಕಾಲಂ ಇರಲಿ.

ಈಗ ಹಿಮದ ಪ್ರಶ್ನೆ. ಹಿಮ ಬೀಳಬೇಕಾದರೆ ಮೋಡದಲ್ಲಿ ಹುಟ್ಟಿದ ಹರಳು ಕರಗದೆ ನೆಲ ಮುಟ್ಟಬೇಕು. ಅಂದರೆ ಸೊನ್ನೆ ಡಿಗ್ರಿಯ ಮಟ್ಟವು ನೆಲಕ್ಕೆ ತಾಗಿರಬೇಕು, ಇಲ್ಲವೇ ಕೆಲವು ನೂರು ಮೀಟರ್‌ಗಳಷ್ಟೇ ಮೇಲಿರಬೇಕು. ನಮ್ಮ ಅಕ್ಷಾಂಶದಲ್ಲಿ ಆ ಮಟ್ಟ ಸಮುದ್ರದಿಂದ ಸುಮಾರು 4,500 ಮೀಟರ್ ಅಥವಾ ಅದಕ್ಕೂ ಮೇಲಿರುತ್ತದೆ. ಕೊಡಚಾದ್ರಿಯ ಎತ್ತರ 1,343 ಮೀಟರ್, ಕುದುರೆಮುಖದ್ದು 1,894. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯದೇ ಸುಮಾರು 1,930. ಮುಳ್ಳಯ್ಯನಗಿರಿಯ ತುದಿಗೂ ಸೊನ್ನೆ ಡಿಗ್ರಿಯ ಮಟ್ಟಕ್ಕೂ ನಡುವೆ 2,500 ಮೀಟರ್‌ಗಿಂತ ಹೆಚ್ಚಿನ ಗಾಳಿಯ ಸ್ತರವಿದೆ. ಸಾವಿರ ಮೀಟರಿಗೆ 6.5 ಡಿಗ್ರಿಯ ಸರಾಸರಿ ಲೆಕ್ಕ ಹಿಡಿದರೂ ಆ ಇಡೀ ಸ್ತರ ಸುಮಾರು 16 ಡಿಗ್ರಿ ತಣಿಯಬೇಕು. ಒಂದು ಕಣಿವೆಯ ತಳದ ಗಾಳಿ ಒಂದು ರಾತ್ರಿಯಲ್ಲಿ ಅಷ್ಟು ತಣಿಯಬಹುದು. ಎರಡೂವರೆ ಕಿಲೋಮೀಟರ್ ದಪ್ಪದ ವಾತಾವರಣ ತಣಿಯಲಾರದು.

ಇದರ ಮೇಲೆ ಇನ್ನೊಂದು ತೊಡಕಿದೆ, ನನ್ನ ದೃಷ್ಟಿಯಲ್ಲಿ ಅದೇ ನಿರ್ಣಾಯಕವಾದದ್ದು. ನಮ್ಮಲ್ಲಿ ಚಳಿಯಿರುವ ರಾತ್ರಿ ಮೋಡವಿರುವುದಿಲ್ಲ, ಮೋಡವಿರುವ ರಾತ್ರಿ ಚಳಿಯಿರುವುದಿಲ್ಲ. ಹಿಮಕ್ಕೆ ಎರಡೂ ಒಟ್ಟಿಗೆ ಬೇಕು. ಊಟಿ ಮತ್ತು ಶಿಮ್ಲಾಗಳನ್ನು ಪಕ್ಕದಲ್ಲಿಟ್ಟು ನೋಡಿ. ಎರಡೂ ಸುಮಾರು 2,200 ಮೀಟರ್ ಎತ್ತರದ ಊರುಗಳು, ಎರಡರಲ್ಲೂ ಜನವರಿಯ ರಾತ್ರಿ ಸೊನ್ನೆಯ ಆಸುಪಾಸಿಗೆ ಇಳಿಯುವುದುಂಟು. ಶಿಮ್ಲಾದಲ್ಲಿ ಹಿಮ ಬೀಳುತ್ತದೆ, ಊಟಿಯಲ್ಲಿ ಬೀಳುವುದಿಲ್ಲ. ಶಿಮ್ಲಾಕ್ಕೆ ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ವಾಯುಭಾರದ ಕ್ಷೋಭೆಗಳು ತಂಪನ್ನೂ ತೇವವನ್ನೂ ಜೊತೆಯಾಗಿ ತರುತ್ತವೆ. ಊಟಿಗೆ ತೇವ ತರುವುದು ಬೆಚ್ಚಗಿನ ಸಮುದ್ರದಿಂದ ಬರುವ ಮೋಡ. ಊಟಿಯ ಹಿಮಪಾತ ಎಂದು ಚಿತ್ರಗಳಲ್ಲಿ ಕಾಣುವುದೆಲ್ಲ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ. ಆ ಬಿಳುಪು ಮೊದಲು ಹರಡುವುದು ತಲೈಕುಂದಾದಂಥ ತಗ್ಗು ಬಯಲುಗಳಲ್ಲಿ. ಆಕಾಶದಿಂದ ಬಿದ್ದದ್ದಾಗಿದ್ದರೆ ಅದಕ್ಕಿಂತ ಎತ್ತರದ ದೊಡ್ಡಬೆಟ್ಟದ ತಲೆ ಮೊದಲು ಬಿಳಿಯಾಗಬೇಕಿತ್ತು. 2019ರ ಜನವರಿಯಲ್ಲಿ ಮುನ್ನಾರ್‌ನ ಚಹಾ ತೋಟಗಳು ಬೆಳ್ಳಗಾದದ್ದೂ ಇದೇ ಬಗೆಯಲ್ಲಿ, ತಗ್ಗಿನಲ್ಲಿದ್ದ ಗಿಡಗಳ ಚಿಗುರು ಬಿಸಿಲೇರಿದ ಮೇಲೆ ಸುಟ್ಟಂತೆ ಕಂದಿಹೋಗಿತ್ತು.

ಉಷ್ಣವಲಯದ ಅಂಚಿನಲ್ಲಿ ಹಿಮ ಬಿದ್ದ ನಿಜವಾದ ದಾಖಲೆಗಳು ಇಲ್ಲದಿಲ್ಲ, ನಿಮ್ಮ ಗೆಳೆಯರು ಅವುಗಳನ್ನು ಉದಾಹರಿಸುವುದು ಸಹಜ. 1997ರ ಡಿಸೆಂಬರ್ 13ರಂದು ಮೆಕ್ಸಿಕೋದ ಗ್ವಾದಲಹಾರ ನಗರದಲ್ಲಿ ಹಿಮ ಬಿತ್ತು. ಅದರ ಎತ್ತರ ಸುಮಾರು 1,560 ಮೀಟರ್, ಅಂದರೆ ನಮ್ಮ ಬಾಬಾಬುಡನ್ ಶ್ರೇಣಿಯ ಶಿಖರಗಳಿಗಿಂತ ಕಡಿಮೆ, ಅಕ್ಷಾಂಶ 21ರ ಒಳಗೆ. 1977ರ ಜನವರಿ 19ರಂದು ಅಮೆರಿಕದ ಮಯಾಮಿಯಲ್ಲಿ, ಸಮುದ್ರದ ಮಟ್ಟದಲ್ಲೇ, ಹಿಮದ ಹರಳುಗಳು ತೇಲಿ ಬಂದವು. 2016ರ ಜನವರಿ 24ರಂದು ದಕ್ಷಿಣ ಚೀನಾದ ಗುವಾಂಗ್‌ಝೌನಲ್ಲಿಯೂ ಹಾಗೆಯೇ ಆಯಿತು. ಅದೇ ದಿನ ಹಾಂಗ್‌ಕಾಂಗ್‌ನಲ್ಲಿ 3.1 ಡಿಗ್ರಿ ದಾಖಲಾಯಿತು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು ಎಂಬುದಕ್ಕೆ ಭೂಪಟದಲ್ಲೇ ಉತ್ತರವಿದೆ. ಉತ್ತರ ಅಮೆರಿಕದಲ್ಲಿ ಆರ್ಕ್‌ಟಿಕ್‌ನಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಪೂರ್ವ ಪಶ್ಚಿಮವಾಗಿ ಅಡ್ಡ ನಿಂತ ಪರ್ವತವಿಲ್ಲ. ಪೂರ್ವ ಚೀನಾದಲ್ಲಿಯೂ ಸೈಬೀರಿಯದ ತಣ್ಣನೆಯ ಗಾಳಿಗೆ ದಕ್ಷಿಣದ ದಾರಿ ಬಹುಮಟ್ಟಿಗೆ ತೆರೆದಿದೆ. ನಮಗೆ ಹಿಮಾಲಯವೂ ಅದರ ಹಿಂದಿನ ಟಿಬೆಟ್ ಪ್ರಸ್ಥಭೂಮಿಯೂ ಅಡ್ಡವಿವೆ. ಅಲ್ಲಿಂದೀಚೆಗೆ ನಮಗೆ ಬರುವ ಉತ್ತರದ ಗಾಳಿ ಗಂಗಾ ಬಯಲಿನದು, ದಖ್ಖನ್ನಿನದು. ಅದು ದಾರಿಯುದ್ದಕ್ಕೂ ಬಿಸಿಲು ಕಾಯಿಸಿಕೊಂಡೇ ಘಟ್ಟ ತಲುಪುತ್ತದೆ. ಮೇಲಾಗಿ ಅದು ಒಣಗಾಳಿ.

ಹಾಗಾದರೆ ನಿಮ್ಮ ಹಿರಿಯರು ಕಂಡದ್ದೇನು? ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೆಲ ಬೆಳ್ಳಗಾದದ್ದನ್ನು ಅವರು ಕಂಡಿರಬಹುದು. ಅದು ಯಾವುದರಿಂದ ಆಯಿತು ಎಂಬುದನ್ನು ಪತ್ತೆಹಚ್ಚಲು ಕೇಳಬೇಕಾದ ಮೊದಲ ಪ್ರಶ್ನೆ ಯಾವ ತಿಂಗಳು ಎಂಬುದು. ಯುಗಾದಿಯ ಆಚೀಚೆ, ಮಾರ್ಚ್‌ನಿಂದ ಮೇ ತಿಂಗಳೊಳಗೆ, ಮಧ್ಯಾಹ್ನದ ಮೇಲೆ, ಗುಡುಗಿನೊಂದಿಗೆ ಎಂದರೆ ಅದು ಆಲಿಕಲ್ಲು. ಕಾಫಿ ಸೀಮೆಯಲ್ಲಿ ಆಲಿಕಲ್ಲು ದಟ್ಟವಾಗಿ ಬಿದ್ದಾಗ ರಸ್ತೆ, ಅಂಗಳ, ಗಿಡದ ಬುಡವೆಲ್ಲ ಅರ್ಧ ಗಂಟೆಯಲ್ಲಿ ಬಿಳಿಯಾಗುತ್ತದೆ, ತಗ್ಗಿನಲ್ಲಿ ರಾಶಿಯಾದದ್ದು ಗಂಟೆಗಟ್ಟಲೆ ಉಳಿಯುತ್ತದೆ. ಧನುರ್ಮಾಸದಲ್ಲಿ, ಸೂರ್ಯ ಹುಟ್ಟುವ ಮುನ್ನ, ಹುಲ್ಲಿನ ಮೇಲೆ ಮಾತ್ರ ಎಂದರೆ ಅದು ಹೆಪ್ಪುಗಟ್ಟಿದ ಇಬ್ಬನಿ. ಪೆಟ್ಟಿಗೆಯ ಉಷ್ಣಮಾಪಕ 3 ಅಥವಾ 4 ಡಿಗ್ರಿ ತೋರಿಸುವಾಗಲೇ ಹುಲ್ಲಿನ ಎಲೆ ಸೊನ್ನೆಗೆ ಇಳಿದಿರಬಲ್ಲದು. ಆದ್ದರಿಂದ ಶೋಲಾ ಕಾಡಿನ (ಎತ್ತರದ ಬೆಟ್ಟಗಳ ಮಡಿಲಿನ ಕುಳ್ಳ ಮರಗಳ ಕಾಡಿನ) ನಡುವಿನ ಎತ್ತರದ ಹುಲ್ಲು ತಗ್ಗುಗಳಲ್ಲಿ, ತೀರಾ ಒಣಗಿದ ವರ್ಷಗಳಲ್ಲಿ, ಹೀಗಾಗುವುದಕ್ಕೆ ಭೌತಶಾಸ್ತ್ರದ ಅಡ್ಡಿಯಿಲ್ಲ. ಎರಡನೆಯ ಪ್ರಶ್ನೆ, ಮರದ ಕೆಳಗಿನ ನೆಲವೂ ಬಿಳಿಯಾಗಿತ್ತೇ ಎಂಬುದು. ಹೆಪ್ಪುಗಟ್ಟಿದ ಇಬ್ಬನಿಯಾದರೆ ಮರದ ನೆರಳಿನಡಿ ನೆಲ ಹಸಿರಾಗಿಯೇ ಉಳಿಯುತ್ತದೆ, ಏಕೆಂದರೆ ಆ ನೆಲದ ಶಾಖವನ್ನು ಮೇಲಿನ ಕೊಂಬೆಗಳು ತಡೆಯುತ್ತವೆ.

ಹಳೆಯ ದಾಖಲೆಗಳನ್ನು ಹುಡುಕಲು ನಿಮ್ಮ ಜಿಲ್ಲೆ ಮತ್ತು ನೆರೆಜಿಲ್ಲೆ ಒಳ್ಳೆಯ ಜಾಗಗಳು. ಹಳೆಯ ಕಾಫಿ ಎಸ್ಟೇಟುಗಳಲ್ಲಿ ಇಂಚು, ಸೆಂಟಿನ (ಇಂಚಿನ ನೂರನೆಯ ಒಂದು ಪಾಲು) ಲೆಕ್ಕದಲ್ಲಿ ಬರೆದ ಮಳೆಯ ಪುಸ್ತಕಗಳು ತಲೆಮಾರುಗಳಿಂದ ಉಳಿದುಬಂದಿವೆ. ಕೆಲವು ಕಡೆ ಷರಾದಲ್ಲಿ ಆಲಿಕಲ್ಲು, ಕಾವಳ, ಚಳಿಯ ಮಾತೂ ಇರುತ್ತದೆ. ಅಲ್ಲಿ ಉಷ್ಣಾಂಶ ಸಿಕ್ಕರೆ ಅದು ಫ್ಯಾರನ್‌ಹೀಟಿನಲ್ಲಿದೆಯೇ ಎಂದು ಮೊದಲು ನೋಡಿ. 46 ಎಂದು ಬರೆದದ್ದು ನಮ್ಮ ಈಗಿನ 7.8. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದು, ಘಟ್ಟದ ತೇವ ಪ್ರದೇಶದ ಅಂಕಿಗಳಿಗೆ ಅಲ್ಲಿ ವಿಚಾರಿಸಬಹುದು. ಇತ್ತೀಚಿನ ವರ್ಷಗಳಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಮಾಪನ ಕೇಂದ್ರಗಳಿವೆ. ನಿಮ್ಮ ತೋಟದ ಅಂಕಿಯನ್ನು ಶಿವಮೊಗ್ಗಕ್ಕೆ ಹೋಲಿಸುವುದಕ್ಕಿಂತ ನಿಮ್ಮ ಹೋಬಳಿಯ ಕೇಂದ್ರಕ್ಕೆ ಹೋಲಿಸುವುದು ಎಷ್ಟೋ ಮೇಲು. ಒಂದು ಪೂರ್ತಿ ಚಳಿಗಾಲ ಎರಡನ್ನೂ ಜೊತೆಯಾಗಿ ಬರೆದರೆ, ಮೋಡವಿಲ್ಲದ ರಾತ್ರಿಗಳಲ್ಲಿ ನಿಮ್ಮ ಕಣಿವೆ ಕೇಂದ್ರಕ್ಕಿಂತ ಸಾಮಾನ್ಯವಾಗಿ ಎಷ್ಟು ಡಿಗ್ರಿ ಕೆಳಗಿರುತ್ತದೆ ಎಂಬುದು ಗೊತ್ತಾಗುತ್ತದೆ. ಆ ಅಂತರ ತಿಳಿದ ಮೇಲೆ ನಿಮ್ಮ 11 ಡಿಗ್ರಿಯನ್ನು ಕೇಂದ್ರದ ಹಿಂದಿನ ನವೆಂಬರ್‌ಗಳ ಅಂಕಿಗಳೊಡನೆ ಇಟ್ಟು ನೋಡಬಹುದು.

ಉಷ್ಣಮಾಪಕವನ್ನು ಈಗಿರುವ ಜಾಗದಿಂದ ಕದಲಿಸಬೇಡಿ. ಸುಧಾರಿಸಬೇಕೆನಿಸಿದರೆ ಮನೆಯ ಮುಂದಿನ ಬಯಲಿನಲ್ಲಿ, ಕಾಂಕ್ರೀಟಿನಿಂದಲೂ ಅಡಿಕೆ ಬೇಯಿಸುವ ಒಲೆಯಿಂದಲೂ ದೂರದಲ್ಲಿ, ಪೆಟ್ಟಿಗೆಯೊಳಗೆ ಇನ್ನೊಂದನ್ನು ಇಡಿ, ತೋಟದ್ದನ್ನು ಹಾಗೆಯೇ ಮುಂದುವರಿಸಿ. ಈ ಡಿಸೆಂಬರ್, ಜನವರಿಗಳಲ್ಲಿ ನಿಮ್ಮಲ್ಲಿ ಯಾರಾದರೂ ಗಿರಿಯ ಮೇಲೆ ಹುಲ್ಲು ಬೆಳ್ಳಗಾದದ್ದನ್ನು ಕಂಡರೆ, ಚಿತ್ರದ ಜೊತೆಗೆ ಗಂಟೆ, ಜಾಗ, ಹುಲ್ಲಿನ ಮಟ್ಟದ ಮತ್ತು ಎದೆಮಟ್ಟದ ಉಷ್ಣಾಂಶ, ಪಕ್ಕದ ಮರದಡಿಯ ನೆಲದ ಸ್ಥಿತಿ ಇಷ್ಟನ್ನೂ ಅಲ್ಲಿಯೇ ಬರೆದುಕೊಳ್ಳಿ.